ಶಿಶುನಾಳದ ಪದ ಲಂಡನ್ನಿಗೆ ಹೋದ ಬಗೆ



ತಾಲ್ಲೂಕಿನ ಗಾಯನ ಸ್ಪರ್ಧೆಗೆ ಯಾವ ಹಾಡು ಹೇಳಬೇಕು ಅನ್ನುವ ವಿಚಾರದಲ್ಲಿ ಹೋದ ವಾರ ನಮ್ಮ ಒಂಬತ್ತನೇ ತರಗತಿಯಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮ್ಮ ಜೊತೆ ಓದುವ ಹುಡುಗಿಯೊಬ್ಬಳಿಗೆ ಅವಳ ತಾತ ಹೇಳಿಕೊಟ್ಟ ತಂಬೂರಿ ಪದಗಳು ಬಾಯಿಪಾಠ. ಕಂಠವೂ ಚೆನ್ನಾಗಿದೆ. ಆದರೆ ಅವಳು, "ಹುಣಸೂರಿನಲ್ಲಿ ಎಲ್ರೂ ಸಿನಿಮಾ ಹಾಡೇ ಹೇಳೋದು ಕಣ್ರೇ, ನಾನು ತಾತನ ಪದ ಹೇಳಿದ್ರೆ ನಗ್ತಾರೆ" ಎಂದು ಹಟ ಹಿಡಿದಿದ್ದಾಳೆ. ಅರ್ಧ ತರಗತಿ ಅವಳ ಕಡೆ, ಅರ್ಧ ತರಗತಿ ತಾತನ ಕಡೆ. ಆಗ ನನಗೆ ನೆನಪಾದವರು ನಮ್ಮ ಮೈಸೂರಿನ ಗಾಯಕ ರಘು ದೀಕ್ಷಿತ್. ಅವರ ವಿಚಾರ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಜನಿಸಿದರು. ಆದರೆ ಬೆಳೆದದ್ದೆಲ್ಲ ಮೈಸೂರಿನಲ್ಲಿ, ಅಂದರೆ ನಮ್ಮ ಬಿಳಿಕೆರೆಯಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಸಿಗುವ ಊರಿನಲ್ಲಿ. ಚಿಕ್ಕಂದಿನಲ್ಲಿ ಅವರು ಕಲಿತದ್ದು ಹಾಡಲ್ಲ, ಭರತನಾಟ್ಯ! ಕಾಲೇಜಿನಲ್ಲಿ "ಗಂಡುಹುಡುಗ ಕುಣೀತಾನೆ" ಎಂದು ಛೇಡಿಸಿದವರ ಜೊತೆ ಪಂತ ಕಟ್ಟಿ ಗಿಟಾರ್ ಹಿಡಿದರಂತೆ. ಓದಿನಲ್ಲೂ ಹಿಂದೆ ಬಿದ್ದವರಲ್ಲ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಚಿನ್ನದ ಪದಕ ಪಡೆದರು. ನಂತರ ಬೆಲ್ಜಿಯಂ ದೇಶದಲ್ಲಿ ಔಷಧ ಕಂಪನಿಯ ಕೆಲಸಕ್ಕೆ ಸೇರಿದರು. ಅಲ್ಲಿ ಒಮ್ಮೆ ಅವರ ಹಾಡು ರೇಡಿಯೋದಲ್ಲಿ ಬಂತು. ಅದಾದ ಮೇಲೆ ಕೈತುಂಬ ಸಂಬಳದ ನೌಕರಿ ಬಿಟ್ಟು ಊರಿಗೆ ಬಂದುಬಿಟ್ಟರು. ನಮ್ಮ ಮನೆಗಳಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ.

ಬಂದವರಿಗೆ ಯಾರೂ ಹಾರ ಹಿಡಿದು ಕಾದಿರಲಿಲ್ಲ. ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ 2005ರಲ್ಲಿ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೊಸ ತಂಡ ಶುರುವಾಯಿತು. ಎಷ್ಟೋ ವರ್ಷ ಕಂಪನಿಗಳ ಬಾಗಿಲು ತಟ್ಟಿದರೂ ಆಲ್ಬಂ ಹೊರಬರಲಿಲ್ಲ. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಇವರ ಹಾಡು ಕೇಳಿ ಮೆಚ್ಚಿ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಅದೇ ವರ್ಷ 'ಸೈಕೋ' ಎಂಬ ಕನ್ನಡ ಚಿತ್ರಕ್ಕೂ ಅವರದೇ ಸಂಗೀತ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಆಲ್ಬಂನಲ್ಲಿ ಹಿಂದಿ ಹಾಡೂ ಇವೆ, ಇಂಗ್ಲಿಷ್ ಹಾಡೂ ಇವೆ. ಅವುಗಳ ನಡುವೆ ಸಂತ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಗುಡುಗುಡಿ ಅಂದರೆ ನೀರು ತುಂಬಿಸಿ ಹೊಗೆ ಸೇದುವ ಹುಕ್ಕಾ. ಆದರೆ ಶರೀಫರು ಹೇಳುವುದು ತಂಬಾಕಿನ ವಿಚಾರ ಅಲ್ಲವೇ ಅಲ್ಲ, ನಮ್ಮ ದೇಹ ಮತ್ತು ಮನಸ್ಸಿನ ವಿಚಾರ. ಮಾಳಿಗೆ ಅಂದರೂ ಅಷ್ಟೆ, ಅಜ್ಞಾನದಿಂದ ಸೋರುವ ಮನಸ್ಸು. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು ಎಂಬುದನ್ನು ನಮ್ಮ ಗುರುಗಳು ಗಮನಿಸಬೇಕು! ಮುಸಲ್ಮಾನರಾಗಿ ಹುಟ್ಟಿದ ಅವರಿಗೆ ಗುರುವಾದವರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಈ ಪದಗಳನ್ನು ನಮ್ಮ ಅಪ್ಪ-ಅಮ್ಮಂದಿರ ಕಾಲದಲ್ಲಿ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಶರೀಫರ ಮೇಲೆ ಚಿತ್ರವನ್ನೇ ತೆಗೆದರು. ಹೀಗಾಗಿ ರಘು ದೀಕ್ಷಿತ್ ಹೊಸದಾಗಿ ಕಂಡುಹಿಡಿದದ್ದೇನೂ ಇಲ್ಲ. ಎಲ್ಲರಿಗೂ ಗೊತ್ತಿದ್ದ ಪದವನ್ನೇ ಗಿಟಾರ್, ಪಿಟೀಲು, ಡ್ರಮ್ ಜೊತೆ ಹಾಡಿದರು. ಮೈಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಕಲಿತ ಭರತನಾಟ್ಯ ದಂಡವಾಗಲಿಲ್ಲ ನೋಡಿ.

2010ರಲ್ಲಿ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಸಂಗೀತ ಕಾರ್ಯಕ್ರಮಕ್ಕೆ ಇವರಿಗೆ ಕರೆ ಬಂತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಬಯಲಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರುವ ಜಾತ್ರೆ ಅದು. ಅದೇ ವರ್ಷ 'ಸಾಂಗ್‌ಲೈನ್ಸ್' ಎಂಬ ಪತ್ರಿಕೆ ನಾನಾ ದೇಶಗಳ ಸಂಗೀತಗಾರರಿಗೆ ಕೊಡುವ ಪ್ರಶಸ್ತಿಗಳಲ್ಲಿ 'ಅತ್ಯುತ್ತಮ ಹೊಸ ಕಲಾವಿದ' ಪ್ರಶಸ್ತಿ ಇವರ ಪಾಲಾಯಿತು.

ನನಗೆ ಅನ್ನಿಸಿದ್ದನ್ನೂ ಹೇಳಿಬಿಡುತ್ತೇನೆ. ಪದದ ಅರ್ಥ ಬೇಕಾದರೆ ಅಶ್ವಥ್ ಅವರದನ್ನೇ ಕೇಳಬೇಕು, ಒಂದೊಂದು ಅಕ್ಷರವೂ ಬಿಡಿಸಿದ ಹಾಗೆ ಕೇಳಿಸುತ್ತದೆ. ರಘು ದೀಕ್ಷಿತರ ಹಾಡಿನಲ್ಲಿ ಕೆಲವು ಕಡೆ ಡ್ರಮ್ಮಿನ ಸದ್ದೇ ಜಾಸ್ತಿ. ಆದರೆ ಕಾಲು ಸುಮ್ಮನಿರುವುದಿಲ್ಲ. ನಮ್ಮ ತಾತ ಕೇಳಿ, "ಪದ ಸರಿಯಾಗೈತೆ, ಅವಸರ ಜಾಸ್ತಿ" ಅಂದರು.

ಹೊರಗಿನವರು ಮೆಚ್ಚಬೇಕಾದರೆ ಹೊರಗಿನವರ ಭಾಷೆಯಲ್ಲೇ ಹಾಡಬೇಕೇ ಎಂಬ ಪ್ರಶ್ನೆ ನಮ್ಮೊಬ್ಬರದಲ್ಲ, ದೊಡ್ಡ ದೊಡ್ಡ ದೇಶಗಳಿಗೂ ಇದೆ. ಯುರೋಪಿನಲ್ಲಿ 1956ರಿಂದ 'ಯೂರೋವಿಷನ್' ಎಂಬ ಹಾಡಿನ ಸ್ಪರ್ಧೆ ನಡೆಯುತ್ತದೆ. ಒಂದೊಂದು ದೇಶದ ಹೆಸರಿನಲ್ಲಿ ಒಬ್ಬರು ಅಥವಾ ಒಂದು ತಂಡ ಹಾಡಬೇಕು. ಯಾವ ದೇಶವೂ ತನಗೆ ತಾನೇ ಅಂಕ ಹಾಕಿಕೊಳ್ಳುವ ಹಾಗಿಲ್ಲ. (ನಮ್ಮ ಶಾಲೆಯ ಸ್ಪರ್ಧೆಗಳಲ್ಲೂ ಈ ನಿಯಮ ಬಂದರೆ ಒಳ್ಳೆಯದು.) ರಷ್ಯಾ 1994ರಲ್ಲಿ ಮೊದಲ ಸಲ ಸೇರಿತು. ಡಿಮಾ ಬಿಲಾನ್ ಎಂಬ ರಷ್ಯಾದ ಯುವ ಗಾಯಕ 2006ರಲ್ಲಿ ಅಥೆನ್ಸ್ ನಗರದಲ್ಲಿ ಹಾಡಿ ಎರಡನೆಯವನಾದ. ಸೋತೆ ಎಂದು ಕೂರಲಿಲ್ಲ. 2008ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮತ್ತೆ ಹಾಡಿ ಮೊದಲನೆಯವನಾದ. ರಷ್ಯಾಕ್ಕೆ ಅದೇ ಮೊದಲ ಗೆಲುವು. ಆದರೆ ಎರಡು ಸಲವೂ ಅವನು ಹಾಡಿದ್ದು ರಷ್ಯನ್ ಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ. ನಮ್ಮ ತರಗತಿಯ ಸಿನಿಮಾ ಪಕ್ಷದವರು ಇದನ್ನು ಓದಿ ಚಪ್ಪಾಳೆ ತಟ್ಟಬಹುದು.

ಸ್ವಲ್ಪ ತಾಳಿ. 2012ರಲ್ಲಿ ಅದೇ ರಷ್ಯಾ ಕಳಿಸಿದ್ದು ಯಾರನ್ನು ಗೊತ್ತಾ? ಬುರಾನೋವೊ ಎಂಬ ಹಳ್ಳಿಯ ಅಜ್ಜಿಯರನ್ನು! ಆ ಹಳ್ಳಿಯ ಜನರ ಭಾಷೆ ರಷ್ಯನ್ ಅಲ್ಲ, ಉದ್ಮೂರ್ತ್ ಎಂಬ ಚಿಕ್ಕ ಭಾಷೆ. ಕನ್ನಡದ ಮುಂದೆ ಅದು ತೀರಾ ಚಿಕ್ಕದು. ತಮ್ಮೂರಿನ ಚರ್ಚನ್ನು ಮತ್ತೆ ಕಟ್ಟಿಸಲು ದುಡ್ಡು ಕೂಡಿಸಬೇಕು ಎಂದು ಆ ಅಜ್ಜಿಯರು ಹಾಡುತ್ತಿದ್ದರು. ಬಾಕು ನಗರದ ವೇದಿಕೆಗೆ ಆರು ಮಂದಿ ಅಜ್ಜಿಯರು ಹಳ್ಳಿಯ ಉಡುಪಿನಲ್ಲೇ, ತಲೆಗೆ ವಸ್ತ್ರ ಕಟ್ಟಿಕೊಂಡು ಬಂದರು. ವೇದಿಕೆಯ ಮೇಲೆ ಒಲೆ ಇಟ್ಟು ತಿಂಡಿ ಬೇಯಿಸುವುದೂ ಹಾಡಿನ ಭಾಗವೇ ಆಗಿತ್ತು. ಹಾಡಿನ ಹೆಚ್ಚು ಪಾಲು ಅವರ ಮಾತಿನಲ್ಲಿ, ನಡುವೆ ಇಂಗ್ಲಿಷಿನ ಸಾಲು. ಸ್ವೀಡನ್ ದೇಶದ ಲೊರೀನ್ 372 ಅಂಕ ಪಡೆದು ಗೆದ್ದಳು. ಅಜ್ಜಿಯರಿಗೆ 259 ಅಂಕ, ಎರಡನೇ ಸ್ಥಾನ. ನಕ್ಕವರು ಇದ್ದರೋ ಇಲ್ಲವೋ, ಅಂಕವನ್ನಂತೂ ಹಾಕಿದರು. (2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಈ ಸ್ಪರ್ಧೆಯಿಂದ ಅದನ್ನು ಹೊರಗಿಟ್ಟರು. ಅದು ಬೇರೆ ಪಾಠ.)

ಇಂಗ್ಲಿಷಿನಲ್ಲಿ ಹಾಡಿದವನು ಗೆದ್ದ, ಹಳ್ಳಿ ಮಾತಿನಲ್ಲಿ ಹಾಡಿದವರು ಎರಡನೆಯವರಾದರು. ಹೀಗಾಗಿ ತಾತನ ಪದ ಹೇಳಿದರೆ ಬಹುಮಾನ ಖಂಡಿತ ಎಂದು ನಾನು ಹೇಳುವುದಿಲ್ಲ. ಆದರೆ "ನಗ್ತಾರೆ" ಅನ್ನುವ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ. ರಘು ದೀಕ್ಷಿತರ ಗುಡುಗುಡಿಯ ಪದ ಕೇಳಿ ಕುಣಿದ ಇಂಗ್ಲೆಂಡಿನವರಿಗೆ ಒಂದಕ್ಷರ ಕನ್ನಡವೂ ಬರುತ್ತಿರಲಿಲ್ಲ. ಹುಣಸೂರಿನವರಿಗೆ ತಂಬೂರಿ ಪದ ಅರ್ಥವಾದರೂ ಆಗುತ್ತದಲ್ಲ!

ಹೆಸರು ಕೊಡಲು ಶನಿವಾರ ಕಡೆಯ ದಿನ. ಅರ್ಜಿ ಕನ್ನಡ ಮೇಷ್ಟ್ರ ಮೇಜಿನ ಮೇಲಿದೆ. ಅವಳ ಹೆಸರು, ತರಗತಿ ಎಲ್ಲ ತುಂಬಿಸಿದ್ದಾರೆ. ಹಾಡಿನ ಹೆಸರಿನ ಜಾಗ ಇನ್ನೂ ಖಾಲಿ ಇದೆ.