ಕಂಪ್ಯೂಟರ್ ಮೇಡಂಗೆ ಕಾಕಾನ ಕಾಗದ

ತಂಗೆವ್ವ,

ಅರಭಾವಿ ಪಟ್ಟಣ ಪಂಚಾಯಿತಿಯ ಗಣಕ ವಿಭಾಗಕ್ಕೆ ನೀನು ಹಾಜರಾದ ಸುದ್ದಿಯನ್ನು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಆದೇಶದಲ್ಲಿ ಹುದ್ದೆಗೆ ಏನೇ ಹೆಸರಿರಲಿ, ವಾರದೊಳಗೆ ನೀನು ಊರಿಗೆಲ್ಲ ‘ಕಂಪ್ಯೂಟರ್ ಮೇಡಂ’ ಆಗುತ್ತೀ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನೀನೇ, ಸದಸ್ಯರೊಬ್ಬರ ಮೊಬೈಲಿನಲ್ಲಿ ವಾಟ್ಸಾಪ್ ನಿಂತರೂ ನೀನೇ. ಮಾಡಿಕೊಡು, ಬೇಜಾರಾಗಬೇಡ. ನಾನು ಬರೆಯಹೊರಟದ್ದು ನಿನ್ನ ಲಾಗಿನ್ ಬಗ್ಗೆ.

ನಾನು ತಲಾಟಿಯಾಗಿದ್ದಾಗ ಊರಿನ ಉತಾರಗಳೆಲ್ಲ, ಅಂದರೆ ಪಹಣಿಗಳೆಲ್ಲ, ಬಟ್ಟೆಯಲ್ಲಿ ಕಟ್ಟಿದ ದಫ್ತರದಲ್ಲಿ ಇರುತ್ತಿದ್ದವು. ಸಾಲದ ಬೋಜಾ ಇಳಿಸಬೇಕೇ, ಖಾತೆ ಬದಲಿಗೆ ವರ್ದಿ ಹಾಕಬೇಕೇ, ಅಣ್ಣತಮ್ಮಂದಿರ ಆಸ್ತಿಯ ವಾಟ್ನಿ ಆಗಬೇಕೇ, ದಫ್ತರ ಇದ್ದವನ ಮನೆ ಕಟ್ಟೆಗೆ ಬಂದು ಕೂರಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಉತಾರ ನಡೆಯದಾಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನ ಕೈಗೆ ಅಚ್ಚಾದ ಹಾಳೆ ಬಂತು. ನಮ್ಮ ಪೈಕಿ ಕೆಲವರಿಗೆ ಹೊಟ್ಟೆ ಉರಿದದ್ದೂ ನಿಜ. ಆದರೆ ಅದನ್ನು ಕಟ್ಟಿದವರ ಜಾಣತನ ನನಗೆ ಈಗಲೂ ಹಿಡಿಸುತ್ತದೆ. ಬರೀ ಪಾಸ್‌ವರ್ಡ್ ನಂಬದೆ ನೌಕರರ ಬೆರಳಚ್ಚು ಇಟ್ಟರು. ‘ಆ ನೋಂದು ನಾ ಮಾಡಿಲ್ರೀ’ ಅಂತ ಆಮೇಲೆ ಜಾರಿಕೊಳ್ಳುವ ದಾರಿ ಮುಚ್ಚಿತು. ವರ್ದಿ ಬಂದ ಪಾಳಿಯಲ್ಲೇ ವಿಲೇವಾರಿ ಆಗಬೇಕೆಂದು ತಂತ್ರಾಂಶದೊಳಗೇ ಬಿಗಿದರು. ಗೌಡರ ಕಾಗದ ಮೇಲೆ, ಬಡವನದು ಕೆಳಗೆ ಎನ್ನುವ ಆಟ ಅಲ್ಲಿಗೆ ಕಷ್ಟವಾಯಿತು.

ಈಗ ಆ ದಫ್ತರ ನಿನ್ನ ಲಾಗಿನ್‌ನೊಳಗಿದೆ. ‘ತಂಗಿ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟು ಊಟಕ್ಕೆ ಹೋಗಿ ಬಾ’ ಎಂದು ಕೇಳುವವರು ಕೆಟ್ಟವರೇ ಇರಬೇಕೆಂದಿಲ್ಲ; ಹೆಚ್ಚಾಗಿ ಅವಸರದಲ್ಲಿರುವ ಒಳ್ಳೆಯವರೇ ಇರುತ್ತಾರೆ. ಕೊಡಬೇಡ. ಮುಖ್ಯಾಧಿಕಾರಿಗಳ ಡಿಜಿಟಲ್ ಸಹಿಯ ಡಾಂಗಲ್ ನಿನ್ನ ಡ್ರಾಯರಿನಲ್ಲಿ ಉಳಿಯುವುದೂ ಬೇಡ. ‘ನಿನ್ನ ಮೇಲೆ ವಿಶ್ವಾಸ’ ಎಂದು ಅವರು ಕೊಟ್ಟರೆ, ವಿಶ್ವಾಸ ಇಟ್ಟುಕೊಂಡು ಡಾಂಗಲ್ ವಾಪಸು ಕೊಡು.

ಹೆಸರುಗಳ ವಿಷಯದಲ್ಲಿ ನಿನಗೆ ತಲೆ ಕೆಡುತ್ತದೆ, ಮೊದಲೇ ಹೇಳಿರುತ್ತೇನೆ. ನಮ್ಮ ಕಡೆ ಹೆಣ್ಣುಮಗಳಿಗೆ ತವರಿನಲ್ಲಿ ಒಂದು ಹೆಸರು, ಅಕ್ಕಿಕಾಳು ಬಿದ್ದ ಮೇಲೆ ಗಂಡನ ಮನೆಯಲ್ಲಿ ಇನ್ನೊಂದು. ರೇಷನ್ ಕಾರ್ಡಿನಲ್ಲಿ ಯಲ್ಲವ್ವ, ಆಧಾರ್ ಕಾರ್ಡಿನಲ್ಲಿ ಯಲ್ಲಮ್ಮ, ಮನೆಯ ಖಾತೆಯಲ್ಲಿ ಲಕ್ಷ್ಮೀಬಾಯಿ. ಬ್ಯಾಂಕಿನವರು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ವಿ’ ಹಾಕುತ್ತಾರೆ, ಇನ್ನೊಬ್ಬರು ‘ಡಬ್ಲ್ಯೂ’. ಅಡ್ಡಹೆಸರು ಒಂದು ಕಡೆ ಉಂಟು, ಒಂದು ಕಡೆ ಇಲ್ಲ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ತಿಂಗಳಿಗೆ 2,000 ರೂಪಾಯಿ ಎಂದಾಗ ಈ ಎಲ್ಲ ಹೆಸರುಗಳೂ ಒಂದೇ ಕಿಟಕಿಯ ಮುಂದೆ ಬಂದು ನಿಂತವು. ಯಂತ್ರಕ್ಕೆ ಅವರು ಮೂವರು ಹೆಂಗಸರು. ಎದುರಿಗೆ ನಿಂತ ಮುದುಕಿ ಮಾತ್ರ ಒಬ್ಬಳೇ. ಯಾವ ದಾಖಲೆ ಮೊದಲು ತಿದ್ದಿಸಬೇಕು, ಅದಕ್ಕೆ ಯಾವ ಪುರಾವೆ ಬೇಕು ಎಂದು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡು. ಅಷ್ಟು ಮಾಡಿದರೆ ಅವಳಿಗೆ ಬಸ್ ಚಾರ್ಜು ಉಳಿಯುತ್ತದೆ.

ಹಳೆಯ ಕರವಸೂಲಿ ಪಟ್ಟಿಗಳು ನುಡಿ ಫಾಂಟಿನಲ್ಲಿ ಸಿಗಬಹುದು. ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತೂ ಒತ್ತಕ್ಷರವೂ ಕೆಡುತ್ತವೆ. ದುರ್ಗವ್ವ, ಮಲ್ಲಿಕಾರ್ಜುನ ಇಂಥವರೇ ಮೊದಲು ಕಳೆದುಹೋಗುವವರು. ಹುಡುಕಿದಾಗ ಹೆಸರು ಬರಲಿಲ್ಲವೆಂದು ಆಸ್ತಿಯೇ ಇಲ್ಲ ಎಂದು ಬರೆದುಕೊಡಬೇಡ, ಕಪಾಟಿನ ರಿಜಿಸ್ಟರ್ ತೆಗೆ. ನಿಮ್ಮದು ಮೊದಲು ಗ್ರಾಮ ಪಂಚಾಯಿತಿಯಾಗಿದ್ದ ಊರು ಎನ್ನುವುದೂ ನೆನಪಿರಲಿ. ಹಳ್ಳಿಗಳಿಗೆ ಇ-ಸ್ವತ್ತು, ಪಟ್ಟಣಗಳಿಗೆ ಇ-ಆಸ್ತಿ. ಹಳೇ ನಮೂನೆ 9 ಮತ್ತು 11 ಹಿಡಿದು ಬರುವವನು ಸುಳ್ಳು ಹೇಳುತ್ತಿರುವುದಿಲ್ಲ, ಅವನ ಊರು ಬಡ್ತಿ ಪಡೆದಿರುತ್ತದೆ ಅಷ್ಟೆ. ಅರಭಾವಿ ಮತಕ್ಷೇತ್ರದ ಊರುಗಳಂತೂ ಗೋಕಾಕ, ಮೂಡಲಗಿ ಎಂದು ಹಂಚಿಹೋಗಿವೆ. ಮೂಡಲಗಿ ಬೇರೆ ತಾಲ್ಲೂಕಾದ ಮೇಲೆ ಹಳೆಯ ಕಾಗದ ಎಲ್ಲಿ, ಹೊಸ ಸಹಿ ಎಲ್ಲಿ ಎಂದು ತಿರುಗಾಡುವ ಜನ ಇನ್ನೂ ಇದ್ದಾರೆ.

2019ರ ಆಗಸ್ಟ್ ನಿನಗೂ ನೆನಪಿರಬೇಕು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಹೊಳೆಗಳು ಒಮ್ಮೆಲೇ ಬಂದು ಗೋಕಾಕದೊಳಗೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ನಡೆದದ್ದೇ ನಿನ್ನ ಕೆಲಸಕ್ಕೆ ಹತ್ತಿರದ್ದು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಫೋಟೊ ಸಮೇತ ಕಂಪ್ಯೂಟರಿಗೆ ಹಾಕಿದರು. ಪೂರ್ತಿ ಬಿದ್ದ ಎ ಮನೆಗೆ 5 ಲಕ್ಷ, ಸ್ವಲ್ಪ ಹಾನಿಯಾದ ಸಿ ಮನೆಗೆ 50 ಸಾವಿರ. ಎ ಒತ್ತಬೇಕಾದವನು ಸಿ ಒತ್ತಿದರೆ ನಾಲ್ಕೂವರೆ ಲಕ್ಷ ಹೋಯಿತು. ಒತ್ತಿದವನಿಗೆ ಅದು ರಾತ್ರಿ ಹನ್ನೊಂದು ಗಂಟೆಗೆ ಮಾಡಿದ ನೂರಾರು ಎಂಟ್ರಿಗಳಲ್ಲಿ ಒಂದು. ತಲಾಟಿ ತಪ್ಪು ಬರೆದರೆ ಗೀಟು ಹೊಡೆದದ್ದು, ಶಾಯಿ ಬದಲಾದದ್ದು ಕಣ್ಣಿಗೆ ಬೀಳುತ್ತಿತ್ತು, ಜನ ಅನುಮಾನಪಡುತ್ತಿದ್ದರು. ಕಂಪ್ಯೂಟರಿನ ತಪ್ಪು ಮುದ್ದಾಗಿ ಅಚ್ಚಾಗಿ ಬರುತ್ತದೆ. ಯಾರಿಗೂ ಅನುಮಾನವೇ ಹುಟ್ಟುವುದಿಲ್ಲ. ಆದ್ದರಿಂದ ಮುಂದೆ ಇಂಥ ಕೆಲಸ ಬಂದರೆ, ಸೇವ್ ಮಾಡುವ ಮುಂಚೆ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸು. ಪಟ್ಟಿಯ ಪ್ರಿಂಟ್ ಗೋಡೆಗೆ ಅಂಟಿಸು. ಊರವರೇ ತಪ್ಪು ಹುಡುಕಿಕೊಡುತ್ತಾರೆ, ಪಗಾರ ಕೇಳುವುದಿಲ್ಲ.

ಸರ್ವರ್ ನಿಜವಾಗಿಯೂ ನಿಲ್ಲುತ್ತದೆ, ಕರೆಂಟೂ ಹೋಗುತ್ತದೆ. ಆದರೆ ‘ಸರ್ವರ್ ಇಲ್ಲ’ ಎನ್ನುವುದು ನಮ್ಮ ಕಾಲದ ‘ಸಾಹೇಬ್ರು ಇಲ್ಲ’ ಎನ್ನುವುದರ ಮೊಮ್ಮಗ. ನಿಂತಾಗ ಎಷ್ಟು ಗಂಟೆಗೆ ನಿಂತಿತು, ಯಾರಿಗೆ ತಿಳಿಸಿದೆ ಎಂದು ಹಲಗೆಯ ಮೇಲೆ ಬರೆ. ಬಂದವರು ಕೂರಬೇಕೋ ಮನೆಗೆ ಹೋಗಬೇಕೋ ಅವರೇ ತೀರ್ಮಾನಿಸಲಿ. ಸಕಾಲದ ಮಾತೂ ಅಷ್ಟೇ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆಂದು 2012ರ ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಬಂದ ಕಾಯ್ದೆ ಅದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500ರವರೆಗೆ ಅರ್ಜಿದಾರನಿಗೆ ಪರಿಹಾರ. ಇದನ್ನು ತಪ್ಪಿಸಲು ಕೆಲವು ಕಡೆ ಒಂದು ಉಪಾಯ ಉಂಟು: ‘ಅರ್ಜಿ ಇಟ್ಟು ಹೋಗ್ರಿ, ನೋಡೋಣ’ ಎಂದು ಬರೀ ಕಾಗದ ಇಟ್ಟುಕೊಂಡು, ಕೆಲಸ ಮುಗಿಯುವ ದಿನವಷ್ಟೇ ಕಂಪ್ಯೂಟರಿಗೆ ಹಾಕುವುದು. ವರದಿಯಲ್ಲಿ ಒಂದೂ ವಿಳಂಬ ಇರುವುದಿಲ್ಲ. ನಿನ್ನ ಕಿಟಕಿಯಲ್ಲಿ ಅರ್ಜಿ ಕೊಟ್ಟವರು 15 ಅಂಕಿಯ ಸಕಾಲ ಸಂಖ್ಯೆ ಹಿಡಿದೇ ಮೆಟ್ಟಿಲು ಇಳಿಯಲಿ. ನಿಮ್ಮ ಕಚೇರಿಯ ಅಂಕ ಕಡಿಮೆಯಾದರೆ ಆಗಲಿ.

ಹಾಂ, ಬಿಲ್ ಕಲೆಕ್ಟರರ ಜೊತೆ, ನೀರು ಬಿಡುವ ವಾಲ್ವ್‌ಮನ್ ಜೊತೆ ಒಂದೊಂದು ದಿನ ಓಣಿ ತಿರುಗು. ಯಾವ ನಳ ಯಾರ ಹೆಸರಿನಲ್ಲಿದೆ, ಯಾವ ಮನೆ ಎರಡಾಗಿದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ನಿನ್ನ ಸ್ಕ್ರೀನಿಗೆ ಗೊತ್ತಿರುವುದಿಲ್ಲ.

ನಿಮ್ಮ ಕಾಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಾಳೆ, ಭಾನುವಾರ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಫೋನ್ ಮಾಡುತ್ತಿರು, ಆದರೆ ಸಂಜೆ ಐದೂವರೆಯ ಮೇಲೆ. ಅದಕ್ಕೆ ಮುಂಚೆ ಮಾಡಿದರೆ ಕಿಟಕಿಯ ಮುಂದೆ ಯಾರಿದ್ದಾರೆ ಎಂದು ಕೇಳಿಯೇ ಇಡುತ್ತೇನೆ.

ಇತಿ,
ನಿನ್ನ ಕಾಕಾ