ಗೇಟು ಯಾಕೆ ಏಳಲಿಲ್ಲ?

ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಪಕ್ಕದಲ್ಲಿ ಬೆಳೆದ ನಮಗೆ ರೈಲ್ವೆ ಗೇಟು ಹೊಸದೇನಲ್ಲ. ಗೇಟು ಬಿತ್ತೆಂದರೆ ಬೈಕು, ಟ್ರ್ಯಾಕ್ಟರು, ಚಕ್ಕಡಿ ಎಲ್ಲ ಸಾಲಾಗಿ ನಿಲ್ಲುತ್ತವೆ. ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ಅದರದೇ ಮಾದರಿ ಮಾಡೋಣವೆಂದು ನಾವು ಮೂವರು ಗೆಳೆಯರು ನಿರ್ಧರಿಸಿದೆವು. ಸಾಮಾನು ಹುಡುಕುವ ಕಷ್ಟವೂ ಇರಲಿಲ್ಲ. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಚಾಚಾರ ಮಗ ತಾನು ಆಡಿಬಿಟ್ಟ ಆಟಿಕೆ ಇಟ್ಟಿಗೆಗಳ ದೊಡ್ಡ ಡಬ್ಬಿಯನ್ನು ನನಗೆ ಕೊಟ್ಟು ಹೋಗಿದ್ದ.

ಪ್ರದರ್ಶನದ ದಿನ ಎಲ್ಲರ ಎದುರಿಗೆ ಸ್ವಿಚ್ ಒತ್ತಿದೆ. ಮೋಟಾರು "ಗುಂಯ್" ಎಂದಿತು, ಗೇಟು ಏಳಲಿಲ್ಲ. ಹಿಂದೆ ನಿಂತಿದ್ದವರೊಬ್ಬರು "ರೈಲು ಇನ್ನಾ ಹೋಗಿಲ್ಲ ಕಾಣ್ತೈತಿ" ಅಂದರು, ಎಲ್ಲರೂ ನಕ್ಕರು. ಮೇಡಂ ಮಾತ್ರ ನಗದೆ, "ಮುಂದಿನ ವಾರ ಪೋಷಕರ ಸಭೆ ಇದೆ, ಅಷ್ಟರಲ್ಲಿ ಕಾರಣ ಹುಡುಕಿ ಮತ್ತೆ ತಂದಿಡಿ" ಎಂದರು. ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ವರ್ಷ ಮಾದರಿ ಮಾಡುವವರಿಗೆ ಉಪಯೋಗವಾಗಬಹುದು.

ಮೊದಲು ಇಟ್ಟಿಗೆಯ ಬಗ್ಗೆ. ಡೆನ್ಮಾರ್ಕಿನ ಲೆಗೊ ಕಂಪನಿ ಈ ಜೋಡಣೆಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ಪೇಟೆಂಟಿನ ಅವಧಿ ಎಂದೋ ಮುಗಿದಿರುವುದರಿಂದ ಬೇರೆ ಕಂಪನಿಗಳೂ ಅದೇ ಅಳತೆಯ ಇಟ್ಟಿಗೆ ಮಾಡುತ್ತವೆ. ನನ್ನ ಡಬ್ಬಿಯಲ್ಲಿ ಎಲ್ಲವೂ ಕಲಬೆರಕೆಯಾಗಿದ್ದವು, ಆದರೂ ಒಂದಕ್ಕೊಂದು ಕೂಡುತ್ತಿದ್ದವು. ಮೇಲಿನ ಗುಬುಟುಗಳ ನಡುವಿನ ಅಂತರ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ., ಚಪ್ಪಟೆ ಪ್ಲೇಟಿನ ಎತ್ತರ 3.2 ಮಿ.ಮೀ. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಜೋಡಿಸುವ ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಂಡೆವು. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಂಬ ಹವ್ಯಾಸಿ ಎಲ್‌ಡ್ರಾ ಎಂಬ ಪದ್ಧತಿ ಆರಂಭಿಸಿದರು. 1997ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅವರು ತೀರಿಕೊಂಡರು. ಇಟ್ಟಿಗೆಗಳ ಆ ಭಂಡಾರವನ್ನು ಇಂದಿಗೂ ಹವ್ಯಾಸಿಗಳೇ ಸಂಬಳವಿಲ್ಲದೆ ಬೆಳೆಸುತ್ತಿದ್ದಾರೆ. ನಾವು ಬಳಸಿದ ಲಿಯೊಕ್ಯಾಡ್ ಆ ಭಂಡಾರವನ್ನೇ ತೆರೆದು ತೋರಿಸುವ ಉಚಿತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಕಿಲ್ಲ, ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಅದರ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ನನಗೆ ಆಶ್ಚರ್ಯವಾಯಿತು. ಒಂದು ಇಟ್ಟಿಗೆಗೆ ಒಂದೇ ಸಾಲು, ಅದೂ ಬರೀ ಅಂಕಿಗಳು:

1 4 0 -24 0 1 0 0 0 1 0 0 0 1

ಇದರ ಕೊನೆಗೆ ಇಟ್ಟಿಗೆಯ ಸಂಖ್ಯೆ ಇರುತ್ತದೆ. ಎರಡು ಸಾಲು ನಾಲ್ಕು ಗುಬುಟಿನ ಸಾಮಾನ್ಯ ಇಟ್ಟಿಗೆಯದು 3001. ಮೊದಲ 1 ಎಂದರೆ "ಇದು ಒಂದು ಭಾಗ", 4 ಎಂದರೆ ಕೆಂಪು ಬಣ್ಣ. ಮುಂದಿನ ಮೂರು ಅಂಕಿ ಅದು ಇರುವ ಜಾಗ. ಇಲ್ಲಿ ಅಳತೆಯ ಒಂದು ಮಾನ ಎಂದರೆ 0.4 ಮಿ.ಮೀ., ಹಾಗಾಗಿ 9.6 ಮಿ.ಮೀ. ಎತ್ತರಕ್ಕೆ 24. ಋಣ ಚಿಹ್ನೆ ಯಾಕೆಂದರೆ ಈ ಪದ್ಧತಿಯಲ್ಲಿ ವೈ ಅಕ್ಷದ ಧನ ದಿಕ್ಕು ಕೆಳಮುಖ. ಉಳಿದ ಒಂಬತ್ತು ಅಂಕಿಗಳನ್ನು ಮೂರು ಮೂರರಂತೆ ಕೆಳಗೆ ಕೆಳಗೆ ಬರೆದು ನೋಡಿ. ದ್ವಿತೀಯ ಪಿಯುಸಿಯ ಏಕಮಾತೃಕೆ! ಅಂದರೆ ಇಟ್ಟಿಗೆಯನ್ನು ತಿರುಗಿಸಿಲ್ಲ. ಅದೇ ಇಟ್ಟಿಗೆಯನ್ನು ನೆಲದ ಮೇಲೆ 90 ಡಿಗ್ರಿ ತಿರುಗಿಸಿದರೆ ಆ ಒಂಬತ್ತು ಅಂಕಿ 0 0 1, 0 1 0, -1 0 0 ಆಗುತ್ತವೆ. ಮಾತೃಕೆಗಳ ಲೆಕ್ಕ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದ ನಾನು ಅವತ್ತು ಊಟದ ಬಿಡುವಿನಲ್ಲೂ ಲ್ಯಾಬ್ ಬಿಟ್ಟು ಏಳಲಿಲ್ಲ.

ಇನ್ನು ಗೇರುಗಳು. ಇವುಗಳ ಹಲ್ಲುಗಳ ಸಂಖ್ಯೆಯ ಅರ್ಧವೇ ಮಿ.ಮೀ. ಲೆಕ್ಕದಲ್ಲಿ ತ್ರಿಜ್ಯ. 8 ಹಲ್ಲಿನದಕ್ಕೆ 4, 24 ಹಲ್ಲಿನದಕ್ಕೆ 12, ಕೂಡಿದರೆ 16 ಮಿ.ಮೀ., ಅಂದರೆ ಸರಿಯಾಗಿ ಎರಡು ಗುಬುಟಿನ ಅಂತರ. 8 ಮತ್ತು 40ಕ್ಕೆ 24 ಮಿ.ಮೀ., ಮೂರು ಗುಬುಟು. ಅಡ್ಡಲಾಗಿ ಇಡುವಾಗ ತೊಂದರೆಯಿಲ್ಲ. ಮೇಲೆ ಕೆಳಗೆ ಇಡುವಾಗ ನಾವು ತಪ್ಪಿದೆವು. ತೂತಿನ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ತೂತುಗಳ ಅಂತರ 9.6 ಅಥವಾ 19.2 ಆಗುತ್ತದೆ, 16 ಎಂದೂ ಆಗುವುದಿಲ್ಲ. ಎರಡು ಇಟ್ಟಿಗೆಗಳ ನಡುವೆ ಎರಡು ಪ್ಲೇಟು ಸೇರಿಸಬೇಕು: 9.6 + 3.2 + 3.2 = 16. ಲಿಯೊಕ್ಯಾಡ್ ಇದನ್ನು ಹೇಳಿಕೊಡುವುದಿಲ್ಲ. ಎರಡು ಗೇರು ಒಂದರೊಳಗೊಂದು ಹೊಕ್ಕರೂ ಅದು ಸುಮ್ಮನೆ ಚಿತ್ರ ತೋರಿಸುತ್ತದೆ.

ಅದಕ್ಕೆ ಗೊತ್ತಿಲ್ಲದ ಇನ್ನೂ ದೊಡ್ಡ ಸಂಗತಿ ತೂಕ. ನಮ್ಮ ಗೇಟಿನ ಕೋಲು 40 ಸೆಂ.ಮೀ. ಉದ್ದ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿದಾಗ 90 ಗ್ರಾಂ ಬಂತು. ಗುರುತ್ವ ಕೇಂದ್ರ ಒಂದು ತುದಿಯ ಅಚ್ಚಿನಿಂದ 20 ಸೆಂ.ಮೀ. ದೂರ. ಕೋಲು ಮಲಗಿದ್ದಾಗ ಬೇಕಾಗುವ ಟಾರ್ಕ್ 0.09 × 9.8 × 0.2, ಅಂದರೆ ಸುಮಾರು 0.18 ನ್ಯೂಟನ್ ಮೀಟರ್. ಮೋಟಾರಿಗೆ 8 ಹಲ್ಲು, ಗೇಟಿಗೆ 24 ಹಲ್ಲು ಇದ್ದುದರಿಂದ ಮೋಟಾರಿನ ಪಾಲಿಗೆ ಅದರ ಮೂರನೆಯ ಒಂದು ಭಾಗ, 0.06. ಕೋಲು ಮಲಗಿದ್ದಾಗಲೇ ಭಾರ ಅತಿ ಹೆಚ್ಚು, ಏಳುತ್ತಿದ್ದಂತೆ ಕಡಿಮೆಯಾಗುತ್ತದೆ. ಆದ್ದರಿಂದಲೇ ಅದು ಅರ್ಧಕ್ಕೆ ಬಂದು ನಿಲ್ಲಲಿಲ್ಲ, ಮೊದಲಿಗೇ ಏಳಲಿಲ್ಲ.

ಆದರೆ ಹಿಂದಿನ ದಿನ ಎದ್ದಿತ್ತಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಅಬ್ಬಾನ ಅಂಗಡಿಯಲ್ಲಿ. ಅವರು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಮನೆಯಲ್ಲಿ ನಮ್ಮದು ಉರ್ದು, ಆದರೆ ಅಂಗಡಿಯಲ್ಲಿ ಕೂತರೆ ಅವರು ನನ್ನ ಜೊತೆಗೂ ಕನ್ನಡವನ್ನೇ ಮಾತಾಡುತ್ತಾರೆ. ದೊಡ್ಡ ಮೋಟಾರಿಗೆ ರೊಕ್ಕ ಕೇಳಲು ಹೋದ ನನಗೆ ಅವರು ಅಂದದ್ದು ಇಷ್ಟು: "ದೊಡ್ಡ ಮೋಟಾರ ಬೇಕಂತ ಬಂದ ರೈತರಿಗೆ ನಾ ಮೊದಲ ಕೇಳೋದು ಒಂದ. ಓಡೋವಾಗ ವೋಲ್ಟೇಜ್ ಎಷ್ಟ ಬರ್ತೈತಿ? ನೀ ನೋಡೀಯೇನು?" ನಾನು ನೋಡಿರಲಿಲ್ಲ.

ಮೀಟರ್ ಹಿಡಿದು ನೋಡಿದೆ. ನಮ್ಮ ಹಳದಿ ಬಿಒ ಮೋಟಾರಿಗೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದ್ದೆವು. ಅಭ್ಯಾಸದಲ್ಲಿ ಹೊಸ ಸೆಲ್ ಮುಗಿದಿದ್ದರಿಂದ ಪ್ರದರ್ಶನದ ದಿನ ಯಾರದೋ ಮನೆಯ ಟಿವಿ ರಿಮೋಟಿನ ಸೆಲ್ ಹಾಕಿದ್ದೆವು. ಸ್ವಿಚ್ ಒತ್ತುವ ಮುಂಚೆ 6 ವೋಲ್ಟ್. ಒತ್ತಿ ಮೋಟಾರು ಸಿಕ್ಕಿಕೊಂಡಾಗ 3.6 ವೋಲ್ಟ್, ಕರೆಂಟ್ 0.6 ಆಂಪಿಯರ್. ಕಳೆದುಹೋದ 2.4 ವೋಲ್ಟನ್ನು 0.6ರಿಂದ ಭಾಗಿಸಿದರೆ 4 ಓಮ್. ಇದೇ ಸೆಲ್ಲುಗಳ ಆಂತರಿಕ ರೋಧ. ಮೋಟಾರಿನ ಸ್ವಂತ ರೋಧ 3.6 ÷ 0.6 = 6 ಓಮ್. ಅಂದರೆ ಶಕ್ತಿಯ ಐದನೆಯ ಎರಡು ಭಾಗ ಸೆಲ್ಲಿನೊಳಗೇ ಬಿಸಿಯಾಗಿ ಹೋಗುತ್ತಿತ್ತು. ರಿಮೋಟಿಗೆ ಬೇಕಾಗುವ ಕರೆಂಟ್ ತೀರ ಕಡಿಮೆ, ಹಾಗಾಗಿ ಅಲ್ಲಿ ಈ ದೋಷ ಕಾಣಿಸುವುದೇ ಇಲ್ಲ.

ಆಮೇಲೆ ಅಬ್ಬಾನ ಟಾರ್ಚಿನಿಂದ ರೀಚಾರ್ಜ್ ಸೆಲ್ ತೆಗೆದು ಹಾಕಿದೆವು. ಅವು ಒಂದಕ್ಕೆ 1.2 ವೋಲ್ಟ್ ಮಾತ್ರ, ನಾಲ್ಕಕ್ಕೆ 4.8. ಗೆಳೆಯ "6 ವೋಲ್ಟಿಗೆ ಏಳದ್ದು 4.8ಕ್ಕ ಹೆಂಗ ಏಳ್ತದಲೇ" ಎಂದು ನಕ್ಕ. ಆದರೆ ಅವುಗಳ ಆಂತರಿಕ ರೋಧ ತೀರ ಕಡಿಮೆ, ನಾಲ್ಕೂ ಸೇರಿ 0.2 ಓಮ್ ಎಂದು ಹಿಡಿಯಿರಿ. 4.8 ÷ 6.2 = 0.77 ಆಂಪಿಯರ್. ಮೋಟಾರಿನ ಟಾರ್ಕ್ ಕರೆಂಟಿನ ಅನುಪಾತದಲ್ಲಿರುತ್ತದೆ, ವೋಲ್ಟೇಜಿನ ಮೇಲೆ ಬರೆದ ಅಂಕಿಯ ಅನುಪಾತದಲ್ಲಲ್ಲ. ಗೇಟು ನಡುಗುತ್ತ ಎದ್ದಿತು. ಸ್ವಿಚ್ ಬಿಟ್ಟ ಕೂಡಲೇ ಧಪ್ಪೆಂದು ಬಿದ್ದಿತು ಕೂಡ. ನಿಜವಾದ ಗೇಟು ಹೀಗೆ ಬಿದ್ದರೆ ಕೆಳಗಿದ್ದವರ ಗತಿ ಏನು?

ಅದಕ್ಕೆ ವರ್ಮ್ ಗೇರ್ ಹಾಕಿದೆವು. ಇದು ಸ್ಕ್ರೂನಂತಿರುತ್ತದೆ. ಒಂದು ಪೂರ್ತಿ ಸುತ್ತಿಗೆ ಎದುರಿನ ಗೇರನ್ನು ಒಂದೇ ಹಲ್ಲು ಮುಂದೂಡುತ್ತದೆ. 24 ಹಲ್ಲಿನ ಗೇರಿನ ಜೊತೆ 24ಕ್ಕೆ 1. ಮೋಟಾರು ಸೆಕೆಂಡಿಗೆ ಸುಮಾರು 2 ಸುತ್ತು ತಿರುಗುತ್ತಿತ್ತು, ಗೇಟು ಕಾಲು ಸುತ್ತು ಏಳಲು 3 ಸೆಕೆಂಡು ತೆಗೆದುಕೊಂಡಿತು. ಕರೆಂಟ್ 0.3ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಮ್ ಗೇರನ್ನು ತಿರುಗಿಸಬಹುದು, ಗೇಟು ಹಿಡಿದು ವರ್ಮನ್ನು ತಿರುಗಿಸಲಾಗದು. ಸ್ವಿಚ್ ಬಿಟ್ಟರೂ ಗೇಟು ಇದ್ದಲ್ಲೇ ನಿಂತಿತು. ಇದು ಪುಕ್ಕಟೆ ಬರುವುದಿಲ್ಲ. ಹೀಗೆ ತಾನೇ ಹಿಡಿದು ನಿಲ್ಲುವ ಸ್ಕ್ರೂವಿನ ದಕ್ಷತೆ 50 ಶೇಕಡಕ್ಕಿಂತ ಕಡಿಮೆ ಇರಲೇಬೇಕು, ಉಳಿದದ್ದು ಘರ್ಷಣೆಗೆ.

ಈ ವರ್ಮ್ ಗೇರನ್ನು ಚಿತ್ರದಲ್ಲಿ ಸೇರಿಸುವಾಗ ಜಾಣತನ ಮಾಡಲು ಹೋಗಿ ನೋಟ್‌ಪ್ಯಾಡಿನಲ್ಲೇ ಅಂಕಿ ಬರೆದೆ, -1ರ ಬದಲು 1 ಹಾಕಿದೆ. ಪರದೆಯ ಮೇಲೆ ಅದರ ಎಳೆಗಳು ಉಲ್ಟಾ ಸುತ್ತಿಕೊಂಡವು. ಡಬ್ಬಿಯಲ್ಲಿ ಅಂಥದೊಂದು ಗೇರು ಇರಲೇ ಇಲ್ಲ. ಡಿಟರ್ಮಿನೆಂಟ್ ಲೆಕ್ಕ ಹಾಕಿದರೆ 1 ಬರುವಲ್ಲಿ -1 ಬಂದಿತ್ತು. ಡಿಟರ್ಮಿನೆಂಟ್ -1 ಎಂದರೆ ತಿರುಗಿಸಿದ್ದಲ್ಲ, ಕನ್ನಡಿಯ ಬಿಂಬ. ಇಟ್ಟಿಗೆಗೆ ಕನ್ನಡಿಯ ಬಿಂಬವೂ ಒಂದೇ, ಸ್ಕ್ರೂವಿಗೆ ಅಲ್ಲ.

ಚಿತ್ರದ ಮಾತು ಬಂದಾಗ ಇನ್ನೊಂದು ನೆನಪಾಯಿತು. 1206ರಲ್ಲಿ ಅಲ್ ಜಝರಿ ಎಂಬ ಇಂಜಿನಿಯರ್ ನೀರೆತ್ತುವ ಯಂತ್ರ, ಗಡಿಯಾರ ಮೊದಲಾದವುಗಳ ಗ್ರಂಥ ಮುಗಿಸಿದರು. ಚಿತ್ರದ ಒಂದೊಂದು ಭಾಗಕ್ಕೂ ಅಕ್ಷರದ ಗುರುತು ಹಾಕಿ, ಹೇಗೆ ಜೋಡಿಸಬೇಕೆಂದು ಬರೆದರು. ಲಿಯೊಕ್ಯಾಡ್ ಹಂತ ಹಂತವಾಗಿ ತೋರಿಸುವುದೂ ಹೆಚ್ಚು ಕಡಿಮೆ ಅದನ್ನೇ.

ಒಂದು ತೊಂದರೆ ಉಳಿದಿತ್ತು. ಗೇಟು ಏಳುವಾಗ ಪ್ಲಾಸ್ಟಿಕ್ ಅಚ್ಚು ತಿರುಚಿಕೊಳ್ಳುತ್ತಿತ್ತು. ಆಗ ನಿಜವಾದ ಗೇಟಿನ ಗಿಡ್ಡ ತುದಿಯಲ್ಲಿ ಇರುವ ಭಾರದ ನೆನಪಾಯಿತು. ಇಷ್ಟು ವರ್ಷ ಅದರ ಮುಂದೆ ನಿಂತು ಅದನ್ನು ಯಾಕಿಟ್ಟಿದ್ದಾರೆಂದು ಯೋಚಿಸಿರಲಿಲ್ಲ. ಕೋಲಿನ ಲೆಕ್ಕ 90 × 20 = 1800. ಅಚ್ಚಿನ ಇನ್ನೊಂದು ಬದಿಗೆ 8 ಸೆಂ.ಮೀ. ದೂರದಲ್ಲಿ ಅಬ್ಬಾನ ಅಂಗಡಿಯ 200 ಗ್ರಾಂ ನಟ್ಟುಗಳನ್ನು ಕಟ್ಟಿದೆವು: 1600. ಮೋಟಾರಿಗೆ ಉಳಿದದ್ದು 200, ಮೊದಲಿನ ಒಂಬತ್ತನೆಯ ಒಂದು ಭಾಗ. ಅಚ್ಚು ನೆಟ್ಟಗಾಯಿತು, ಕರೆಂಟ್ ಇನ್ನೂ ಇಳಿಯಿತು. ದೊಡ್ಡ ಮೋಟಾರಿನ ರೊಕ್ಕ ಉಳಿಯಿತು.

ಪೋಷಕರ ಸಭೆಯ ದಿನ ಗೇಟು ಹತ್ತಾರು ಸಲ ಎದ್ದಿತು, ಇಳಿಯಿತು. ಅಬ್ಬಾ ಅಂಗಡಿ ಮುಚ್ಚಿ ಬಂದಿದ್ದರು. ನಟ್ಟುಗಳನ್ನು ಮುಟ್ಟಿ ನೋಡಿ, "ಸಭಾ ಮುಗಿದ ಮ್ಯಾಲೆ ವಾಪಸ್ ತಂದಿಡು" ಎಂದರು. ಗೇಟು ಮೇಲೆ ಮುಟ್ಟಿದಾಗ ಮೋಟಾರು ತಾನಾಗಿ ನಿಲ್ಲುವ ವ್ಯವಸ್ಥೆ ಇನ್ನೂ ಆಗಿಲ್ಲ, ಸ್ವಿಚ್ಚನ್ನು ಕೈಯಿಂದಲೇ ಬಿಡಬೇಕು. ಫೈಲು ಲ್ಯಾಬಿನ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ "ಗೇಟು" ಎಂಬ ಹೆಸರಿನಲ್ಲಿದೆ. ಪ್ರಥಮ ಪಿಯುಸಿಯವರು ಯಾರಾದರೂ ಅಲ್ಲಿಂದ ಮುಂದುವರಿಸಬಹುದು. ನಟ್ಟುಗಳನ್ನು ಮಾತ್ರ ನೀವೇ ತರಬೇಕು.