ಹಂಗಿಲ್ಲದ ಸುದ್ದಿಮನೆ ಕಟ್ಟಲು ಎಂಟು ಸೂತ್ರಗಳು

ಪತ್ರಿಕೋದ್ಯಮ ಓದುತ್ತಿದ್ದೀರಾ? ಅಥವಾ ಡೆಸ್ಕ್‌ನಲ್ಲಿ ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟಾಗ, ಯಾರ ಹಂಗೂ ಇಲ್ಲದ ಒಂದು ಸುದ್ದಿಸಂಸ್ಥೆಯನ್ನು ನಾನೇ ಕಟ್ಟಬೇಕು ಅನ್ನಿಸುತ್ತದಾ? ಕಟ್ಟಿ. ಆದರೆ ಮೊದಲು ‘ಲಾಭವಿಲ್ಲದೆ ಸುದ್ದಿಸಂಸ್ಥೆ ನಡೆಯೋದಿಲ್ಲ’ ಎನ್ನುವ ಮಾತನ್ನು ತಲೆಯಿಂದ ಕಿತ್ತುಹಾಕಿ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ, 1846ರಿಂದ ನಡೆದು ಬಂದಿದೆ. ನಮ್ಮ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ, ಅಂದರೆ ಪಿಟಿಐ, 1949ರಿಂದ ಕೆಲಸ ಮಾಡುತ್ತಿದೆ. ಎರಡೂ ಒಡೆಯರಿಗೆ ಲಾಭ ಹಂಚುವ ಸಂಸ್ಥೆಗಳಲ್ಲ. ಹಣ ಎಲ್ಲಿಂದ ತಂದರು, ಯಾರ ಜೊತೆ ಕೈ ಜೋಡಿಸಿದರು ಎಂಬುದನ್ನು ಕಲಿತರೆ ಅರ್ಧ ದಾರಿ ಮುಗಿದಂತೆ.

1. ಖರ್ಚು ಹಂಚಿಕೊಳ್ಳಿ. ಎದುರಾಳಿಯ ಜೊತೆಗೂ.

1846ರಲ್ಲಿ ಅಮೆರಿಕಕ್ಕೂ ಮೆಕ್ಸಿಕೋಗೂ ಯುದ್ಧ ನಡೆದಿತ್ತು. ದಕ್ಷಿಣದಿಂದ ನ್ಯೂಯಾರ್ಕ್‌ಗೆ ಸುದ್ದಿ ತಲುಪಲು ದಿನಗಟ್ಟಲೆ ಹಿಡಿಯುತ್ತಿತ್ತು. ‘ದಿ ಸನ್’ ಪತ್ರಿಕೆಯ ಮೋಸೆಸ್ ಬೀಚ್ ಅಲಬಾಮಾದ ಮೂಲಕ ಕುದುರೆ ಸವಾರರ ಸಾಲು ಏರ್ಪಡಿಸಿ ಅಂಚೆ ಇಲಾಖೆಗಿಂತ ಮುಂಚೆ ಸುದ್ದಿ ತರಿಸಿದರು. ಆ ಸುದ್ದಿಯನ್ನು ತಾವೊಬ್ಬರೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ನಗರದ ಪ್ರತಿಸ್ಪರ್ಧಿ ಪತ್ರಿಕೆಗಳನ್ನೂ ಸೇರಿಸಿಕೊಂಡರು. ಐದು ಪತ್ರಿಕೆಗಳು ಖರ್ಚು ಹಂಚಿಕೊಂಡವು, ಎಪಿ ಹುಟ್ಟಿತು.

ಇದು ನಮಗೆ ಹೊಸದಲ್ಲ. ನಾಟಿಯ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಮಾಡುತ್ತಾರಲ್ಲ, ಅದೇ ಲೆಕ್ಕ. ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಜಿಲ್ಲಾ ಕೋರ್ಟಿನ ವರದಿಗೆ ನಾಲ್ಕು ಕಡೆಯಿಂದ ನಾಲ್ವರು ಹೋಗುವ ಬದಲು ಒಬ್ಬರನ್ನು ಕಳಿಸಿ. ಉಳಿದ ಮೂವರನ್ನು ಬೇರೆ ಮೂರು ಕಡೆಗೆ ಅಟ್ಟಿ.

2. ಒಡೆತನವನ್ನು ಹಾಲಿನ ಡೇರಿಯಂತೆ ಕಟ್ಟಿ.

ಊರಿನ ಡೇರಿಗೆ ಹಾಲು ಹಾಕುವವರೇ ಅದರ ಸದಸ್ಯರು. ಪಿಟಿಐ ನಿಂತಿರುವುದೂ ಇದೇ ಅಡಿಪಾಯದ ಮೇಲೆ. 1947ರ ಆಗಸ್ಟ್ 27ರಂದು ಮದ್ರಾಸಿನಲ್ಲಿ ನೋಂದಣಿಯಾಯಿತು. 1949ರ ಫೆಬ್ರುವರಿ 1ರಂದು, ರಾಯಿಟರ್ಸ್‌ನ ಕೈಯಲ್ಲಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾದ ಕೆಲಸವನ್ನು ವಹಿಸಿಕೊಂಡಿತು. ಷೇರುದಾರರು ಯಾರು? ದೇಶದ ಪತ್ರಿಕೆಗಳು. ‘ಪ್ರಜಾವಾಣಿ’ ಬಳಗದ ಕೆ.ಎನ್. ಶಾಂತಕುಮಾರ್ ಇದರ ಅಧ್ಯಕ್ಷ ಸ್ಥಾನದಲ್ಲಿ ಕುಳಿತವರು. ಷೇರುದಾರರಿಗೆ ಡಿವಿಡೆಂಡ್ ಇಲ್ಲ. ಉಳಿದ ಹಣ ಮತ್ತೆ ಸುದ್ದಿಗೇ.

ನೀವು ಹೊಸದಾಗಿ ಕಟ್ಟುವುದಾದರೆ ಕಂಪನಿ ಕಾಯ್ದೆಯ ಸೆಕ್ಷನ್ 8 ಓದಿ. ಲಾಭವನ್ನು ಉದ್ದೇಶಕ್ಕೇ ಬಳಸಬೇಕು, ಸದಸ್ಯರಿಗೆ ಹಂಚಬಾರದು ಎಂಬ ಷರತ್ತು ಅದರಲ್ಲೇ ಇದೆ. ‘ಲಾಭ ಹಂಚುವುದಿಲ್ಲ’ ಅಂದರೆ ‘ಸಂಬಳ ಕೊಡುವುದಿಲ್ಲ’ ಅಂತಲ್ಲ. ಸ್ಟ್ರಿಂಗರ್‌ಗೆ ತಿಂಗಳ ಕೊನೆಗೆ ದುಡ್ಡು ಕೊಡಿ. ಸೇವೆ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ, ಹಾಗೆ ಕಟ್ಟಿದ್ದು ಬಾಳುವುದೂ ಇಲ್ಲ.

3. ಒಂದೇ ಕೈ ನೋಡಿ ಬದುಕಬೇಡಿ.

ಈ ಸೂತ್ರವನ್ನು ಎರಡು ಸಲ ಓದಿ. 2020ರ ಜೂನ್‌ನಲ್ಲಿ, ಗಲ್ವಾನ್ ಘರ್ಷಣೆಯ ನಂತರ, ಪಿಟಿಐ ದೆಹಲಿಯಲ್ಲಿರುವ ಚೀನಾ ರಾಯಭಾರಿಯ ಸಂದರ್ಶನ ಮಾಡಿತು. ಪಿಟಿಐಗೆ ಚಂದಾ ಕಟ್ಟುತ್ತಿದ್ದ ಸಾರ್ವಜನಿಕ ಪ್ರಸಾರ ಸಂಸ್ಥೆ ಪ್ರಸಾರ ಭಾರತಿಗೆ ಅದು ಹಿಡಿಸಲಿಲ್ಲ, ಆಕ್ಷೇಪದ ಪತ್ರ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಿಟಿಐ ಮತ್ತು ಇನ್ನೊಂದು ಸುದ್ದಿಸಂಸ್ಥೆ ಯುಎನ್‌ಐ ಎರಡರ ಚಂದಾವನ್ನೂ ಪ್ರಸಾರ ಭಾರತಿ ನಿಲ್ಲಿಸಿತು. ಪಿಟಿಐಗೆ ನೂರಾರು ಗಿರಾಕಿಗಳಿದ್ದರು, ತಡೆದುಕೊಂಡಿತು. ಮೊದಲೇ ಸೊರಗಿದ್ದ ಯುಎನ್‌ಐಗೆ ಬಿದ್ದ ಪೆಟ್ಟು ದೊಡ್ಡದು.

ಎಪಿ ನೋಡಿ. 2024ರಲ್ಲಿ ಗ್ಯಾನೆಟ್ ಮತ್ತು ಮೆಕ್‌ಕ್ಲಾಚಿ ಎಂಬ ಎರಡು ದೊಡ್ಡ ಪತ್ರಿಕಾ ಸಮೂಹಗಳು ‘ಇನ್ನು ನಿಮ್ಮ ಸುದ್ದಿ ಬೇಡ’ ಅಂದವು. ಅಷ್ಟು ಹೊತ್ತಿಗೆ ಅಮೆರಿಕದ ಪತ್ರಿಕೆಗಳಿಂದ ಎಪಿಗೆ ಬರುತ್ತಿದ್ದುದು ಒಟ್ಟು ಆದಾಯದ ಸುಮಾರು ಶೇ 10 ಮಾತ್ರ. ಅದಕ್ಕೂ ಮುಂಚೆಯೇ, 2023ರಲ್ಲಿ, ಹಳೆಯ ಸುದ್ದಿ ಭಂಡಾರದ ಒಂದು ಭಾಗವನ್ನು ಓಪನ್‌ಎಐಗೆ ಲೈಸೆನ್ಸ್ ಮೇಲೆ ಕೊಟ್ಟಿತ್ತು. ಅಂಥ ದೊಡ್ಡ ಗಿರಾಕಿಗಳೇ ಬಿಟ್ಟುಹೋದರೂ ಮನೆ ನಿಂತಿದೆ.

ನಿಮ್ಮ ಲೆಕ್ಕದ ಪುಸ್ತಕ ತೆಗೆಯಿರಿ. ಯಾವುದೇ ಒಬ್ಬರ ಪಾಲು ಕಾಲು ಭಾಗ ದಾಟಿದ್ದರೆ ಇವತ್ತೇ ಇನ್ನೊಬ್ಬ ಗಿರಾಕಿಯನ್ನು ಹುಡುಕಲು ಹೊರಡಿ. ಇದು ನನ್ನ ಅಳತೆ. ನಿಮ್ಮದು ಇನ್ನೂ ಬಿಗಿ ಇದ್ದರೆ ಒಳ್ಳೆಯದೇ.

4. ದೊಡ್ಡ ಚೆಕ್ ಬಂದರೆ ತೆಗೆದುಕೊಳ್ಳಿ. ಅದರ ಮೇಲೆ ಮಲಗಬೇಡಿ.

ಅಮೆರಿಕದ ಲಾಭರಹಿತ ತನಿಖಾ ಸುದ್ದಿಸಂಸ್ಥೆ ‘ಪ್ರೊಪಬ್ಲಿಕಾ’ ಶುರುವಾದದ್ದು ಒಂದೇ ಕುಟುಂಬದ ದುಡ್ಡಿನಿಂದ. ಬ್ಯಾಂಕ್ ಉದ್ಯಮಿಗಳಾಗಿದ್ದ ಹರ್ಬರ್ಟ್ ಮತ್ತು ಮೇರಿಯನ್ ಸ್ಯಾಂಡ್ಲರ್ ದಂಪತಿ ವರ್ಷಕ್ಕೆ 1 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿದರು. ‘ವಾಲ್ ಸ್ಟ್ರೀಟ್ ಜರ್ನಲ್’ ನಡೆಸಿದ್ದ ಪಾಲ್ ಸ್ಟೈಗರ್ ಸಂಪಾದಕರಾಗಿ ಬಂದರು. 2008ರಿಂದ ವರದಿಗಳು ಹೊರಬಂದವು. ಅಷ್ಟು ಸಿಕ್ಕಮೇಲೆ ನಿಶ್ಚಿಂತೆಯಿಂದ ಇರಬಹುದಿತ್ತು. ಅವರು ಇನ್ನಷ್ಟು ಫೌಂಡೇಷನ್‌ಗಳ ಬಾಗಿಲು ತಟ್ಟಿದರು, ಸಾಮಾನ್ಯ ಓದುಗರ ಮುಂದೆ ಕೈಚಾಚಿದರು. ಈಗ ಸಾವಿರಾರು ಜನರ ಸಣ್ಣ ದೇಣಿಗೆ ಅಲ್ಲಿ ಹರಿದು ಬರುತ್ತದೆ. ಹನಿಗೂಡಿದ ಹಳ್ಳ ಬೇಗ ಬತ್ತುವುದಿಲ್ಲ.

ಕೇಳಲು ಸಂಕೋಚವೇ? ಅದೊಂದು ಅಭ್ಯಾಸ ಅಷ್ಟೇ, ಬಿಡಿ. ನಮ್ಮ ಬೆಂಗಳೂರಿನಲ್ಲೇ 2015ರಲ್ಲಿ ಐಪಿಎಸ್‌ಎಂಎಫ್ ಎಂಬ ಪ್ರತಿಷ್ಠಾನ ಶುರುವಾಯಿತು. ಅಜೀಂ ಪ್ರೇಮ್‌ಜಿ, ರೋಹಿಣಿ ನಿಲೇಕಣಿಯಂಥವರು ಅದಕ್ಕೆ ಹಣ ಕೊಟ್ಟರು, ಅದು ಸ್ವತಂತ್ರ ಮಾಧ್ಯಮಗಳಿಗೆ ನೆರವಾಯಿತು. ಹಣ ಕೊಡುವ ಕೈಗಳು ನಮ್ಮ ಊರಲ್ಲೂ ಇವೆ.

5. ‘ಸುದ್ದಿಯಲ್ಲಿ ಕೈಹಾಕಬೇಡಿ’ ಎಂದು ಕರಾರಿನಲ್ಲೇ ಬರೆಸಿ.

2022ರಲ್ಲಿ ಹವಾಮಾನ ಬದಲಾವಣೆಯ ವರದಿಗಾರಿಕೆಗಾಗಿ ರಾಕ್‌ಫೆಲರ್ ಸೇರಿ ಐದು ಸಂಸ್ಥೆಗಳು ಎಪಿಗೆ ಮೂರು ವರ್ಷಗಳಿಗೆ 80 ಲಕ್ಷ ಡಾಲರ್‌ಗೂ ಹೆಚ್ಚು ಹಣ ಒದಗಿಸಿದವು. ಸುಮಾರು ಇಪ್ಪತ್ತು ಪತ್ರಕರ್ತರ ತಂಡ, ಅದರಲ್ಲಿ ಭಾರತದಲ್ಲಿರುವವರೂ ಉಂಟು. ಷರತ್ತು ಸ್ಪಷ್ಟ: ಹಣ ಅವರದು, ಏನು ಬರೆಯಬೇಕು ಎಂಬ ತೀರ್ಮಾನ ಎಪಿಯದು.

ಬಾಯಿಮಾತು ನಂಬಬೇಡಿ. ಎಂಒಯು ಮಾಡಿ, ಸಹಿ ಹಾಕಿಸಿ. ದಾನಿಯ ಹೆಸರನ್ನು ಓದುಗರಿಗೆ ಬಹಿರಂಗವಾಗಿ ಹೇಳಿ. ಮುಚ್ಚಿಟ್ಟ ದೇಣಿಗೆ ಮುಂದೊಂದು ದಿನ ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ.

6. ಸುದ್ದಿಯನ್ನು ಬಚ್ಚಿಡಬೇಡಿ. ಕೊಟ್ಟುಬಿಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ‘ನನ್ನ ಎಕ್ಸ್‌ಕ್ಲೂಸಿವ್, ನನ್ನ ಬೈಲೈನ್’ ಎಂದು ಅಪ್ಪಿಕೊಂಡು ಕೂರುತ್ತಾರೆ. ಕತ್ರಿನಾ ಚಂಡಮಾರುತದ ಹೊತ್ತಿನಲ್ಲಿ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯೊಂದರಲ್ಲಿ ನಡೆದ ಸಾವುಗಳ ಬಗ್ಗೆ ಪ್ರೊಪಬ್ಲಿಕಾದ ಶೆರಿ ಫಿಂಕ್ ದೀರ್ಘ ತನಿಖಾ ವರದಿ ಬರೆದರು. ಅದು 2009ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. 2010ರ ಪುಲಿಟ್ಜರ್ ಬಂತು. ಹೊಸ ಸಂಸ್ಥೆಯ ಬಳಿ ವರದಿ ಇತ್ತು, ಹಳೆಯ ಪತ್ರಿಕೆಯ ಬಳಿ ಓದುಗರಿದ್ದರು. ಇಬ್ಬರಿಗೂ ಗೆಲುವು.

2018ರಿಂದ ಪ್ರೊಪಬ್ಲಿಕಾ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ಊರಿನ ಪತ್ರಿಕೆಯ ವರದಿಗಾರ ಊರಲ್ಲೇ ಇರುತ್ತಾನೆ, ಒಂದು ವರ್ಷದ ಸಂಬಳ ಇವರು ಕೊಡುತ್ತಾರೆ. ಅಲಾಸ್ಕಾದ ಎಷ್ಟೋ ಹಳ್ಳಿಗಳಲ್ಲಿ ಒಬ್ಬ ಪೊಲೀಸ್ ಕೂಡ ಇಲ್ಲ ಎಂಬ ಸತ್ಯ ಹೊರಬಂದದ್ದು ಹೀಗೆ. ‘ಆಂಕರೇಜ್ ಡೈಲಿ ನ್ಯೂಸ್’ ಜೊತೆಗಿನ ಆ ವರದಿಗಳಿಗೆ 2020ರ ಪುಲಿಟ್ಜರ್ ಸಿಕ್ಕಿತು. ದೊಡ್ಡ ಪ್ರಮಾಣದ ಉದಾಹರಣೆ ಬೇಕಾ? 2016ರ ಪನಾಮಾ ಪೇಪರ್ಸ್ ತನಿಖೆ. 1.15 ಕೋಟಿ ದಾಖಲೆಗಳು, 370ಕ್ಕೂ ಹೆಚ್ಚು ಪತ್ರಕರ್ತರು, ನಮ್ಮಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’. ಯಾರೂ ಮುಂಚಿತವಾಗಿ ಬಾಯಿ ಬಿಡಲಿಲ್ಲ. ಮುನ್ನಡೆಸಿದ್ದು ಐಸಿಐಜೆ ಎಂಬ ಲಾಭರಹಿತ ಸಂಸ್ಥೆ.

ಬಾಗಿಲು ಹಾಕಿಕೊಂಡವರ ಪಾಡೂ ಗೊತ್ತಿರಲಿ. ಪ್ರತಿಸ್ಪರ್ಧಿ ಪತ್ರಿಕೆ ಸದಸ್ಯನಾಗದಂತೆ ತಡೆಯುವ ನಿಯಮ ಒಂದು ಕಾಲದಲ್ಲಿ ಎಪಿಯಲ್ಲೇ ಇತ್ತು. 1945ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು.

7. ಕೂಡಿಕೆಗೂ ಕೂಡಿಹಾಕುವುದಕ್ಕೂ ವ್ಯತ್ಯಾಸ ತಿಳಿಯಿರಿ.

ತುರ್ತುಪರಿಸ್ಥಿತಿಯಲ್ಲಿ, 1976ರ ಫೆಬ್ರುವರಿಯಲ್ಲಿ, ಪಿಟಿಐ, ಯುಎನ್‌ಐ, ಹಿಂದುಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನೂ ಸೇರಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿದರು. ಆಳುವವರಿಗೆ ಹಿಡಿದುಕೊಳ್ಳಲು ಒಂದೇ ಹಗ್ಗ ಸಾಕಾಯಿತು. 1978ರಲ್ಲಿ ನಾಲ್ಕೂ ಬೇರೆಯಾದವು. ಪಾಲುದಾರಿಕೆಗೆ ಸಹಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿ: ನನಗೆ ಬೇಡವಾದ ದಿನ ಹೊರಬರಬಹುದೇ? ಉತ್ತರ ತೊದಲಿದರೆ ಪೆನ್ನು ಕೆಳಗಿಡಿ.

8. ಕಾನೂನು ಮೊದಲು ಓದಿ, ದೇಣಿಗೆ ಕೇಳುವ ಮೇಲ್ ಆಮೇಲೆ ಕಳಿಸಿ.

ವಿದೇಶಿ ದೇಣಿಗೆ ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆ ನೋಂದಾಯಿತ ಪತ್ರಿಕೆಯ ಸಂಪಾದಕ, ವರದಿಗಾರ, ಪ್ರಕಾಶಕರು ವಿದೇಶಿ ಕೊಡುಗೆ ಪಡೆಯುವುದನ್ನು ತಡೆಯುತ್ತದೆ. ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಆಡಿಯೊ, ವಿಡಿಯೊ ಸುದ್ದಿ ಕೊಡುವ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಅಮೆರಿಕದಲ್ಲಿರುವ ಕನ್ನಡಿಗ ಗೆಳೆಯ ಪ್ರೀತಿಯಿಂದ ಡಾಲರ್ ಕಳಿಸುತ್ತೇನೆ ಅಂದ ಕೂಡಲೇ ಖಾತೆ ನಂಬರ್ ಕೊಡಬೇಡಿ. ಅವರು ಯಾವ ದೇಶದ ಪ್ರಜೆ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಮೊದಲು ಸಿಎ ಹತ್ತಿರ ಕೂತು ಮಾತಾಡಿ. ಪ್ರತಿ ರೂಪಾಯಿಗೂ ರಸೀದಿ ಇಡಿ, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ, ಆ ಲೆಕ್ಕವನ್ನು ಓದುಗರ ಮುಂದಿಡಿ. ಬಲಿಷ್ಠರ ಲೆಕ್ಕ ಕೇಳುವವರ ಲೆಕ್ಕ ಮೊದಲು ಸರಿಯಿರಬೇಕು.

ಈಗ ಪಟ್ಟಿ ಮಡಚಿಟ್ಟು ಫೋನ್ ತೆಗೆಯಿರಿ. ನಿಮ್ಮ ತಾಲ್ಲೂಕಿನ ಗ್ರಾಮಸಭೆ, ಆಸ್ಪತ್ರೆ, ಎಪಿಎಂಸಿಗಳ ಸುದ್ದಿಯನ್ನು ದಿನವೂ ನೆಟ್ಟಗೆ ಕೊಡುವವರು ಎಷ್ಟು ಜನ ಇದ್ದಾರೆ, ಎಣಿಸಿ. ಸಿಗದ ಸುದ್ದಿಗಾಗಿ ಕಾದಿರುವ ಊರುಗಳು ಕರ್ನಾಟಕದ ತುಂಬ ಇವೆ. ಐದು ಪತ್ರಿಕೆಗಳು ಸೇರಿ ಎಪಿ ಕಟ್ಟಿದವು. ನೀವು ಮೂವರಿಂದ ಶುರು ಮಾಡಿ. ಈ ಭಾನುವಾರವೇ ಅವರನ್ನು ಚಹಾಕ್ಕೆ ಕರೆಯಿರಿ, ಯಾರು ಯಾವ ಊರಿಗೆ ಹೋಗುತ್ತೀರಿ ಎಂದು ಹಂಚಿಕೊಳ್ಳಿ.